ಸ್ಕೂಲ್ ಬಿಡ್ಲಿ, ಹೊರಗೆ ಸಿಗು!

ಹೋದ ಸಂಚಿಕೆ ಕೊನೇಲಿ ಒಂದಿಷ್ಟು ಜಾಗ ಮಿಕ್ಕಿತ್ತು ಅಂತ ‘ತ್ರೀ ಓ ಕ್ಲಾಕ್ ಹೈ’ ಅನ್ನೋ 1987ರ ಅಮೆರಿಕದ ಹೈಸ್ಕೂಲ್ ಕಾಮಿಡಿ ಬಗ್ಗೆ ನಾಲ್ಕು ಸಾಲು ಬರ್ದಿದ್ದೆ, ಬ್ಲೂ-ರೇ ಡಿಸ್ಕಲ್ಲಿ ಮತ್ತೆ ನೋಡ್ದೆ, ಇಷ್ಟು ಚೆನ್ನಾಗಿರೋ ಸಿನಿಮಾನ ಯಾರೂ ಯಾಕೆ ನೆನಸ್ಕೊಳ್ಳಲ್ಲ ಅಂತ. ಅಷ್ಟಕ್ಕೇ ಈ ಸಲ ಬಂದಿರೋ ಕಾಗದದಾಗೆ ಮುಕ್ಕಾಲು ಪಾಲು ಅದೇ. ಹಂಗಾಗಿ ಆಸ್ತಿ ಭಾಗ, ಅತ್ತೆ ಕಾಟ, ಕೂದಲು ಉದುರೋದು ಕೇಳಿರೋರು ಮುಂದಿನ ಸಂಚಿಕೆ ತನಕ ಕಾಯ್ಬೇಕು.

ಪ್ರಶ್ನೆ: ಅಕ್ಕಾ, ಒಬ್ಬ ಹುಡುಗ ಇನ್ನೊಬ್ಬಂಗೆ ಹೊಡಿತೀನಿ ಅಂತಾನೆ, ಇವನು ಹೆದರ್ಕೊಂಡು ಓಡಾಡ್ತಾನೆ, ಕೊನೆಗೆ ಹೊಡೆದಾಟ ಆಗತ್ತೆ. ಇಷ್ಟೇ ತಾನೆ ಕಥೆ? ಇದ್ರಲ್ಲಿ ನೀವು ಅಂಥದ್ದೇನು ಕಂಡ್ರಿ? (ವಿದ್ಯಾನಗರ, ದಾವಣಗೆರೆ)

ಉತ್ತರ: ಹೌದ್ರಿ, ಇಷ್ಟೇ ಕಥೆ, ನೀವು ಒಂದೇ ಉಸಿರಿಗೆ ಹೇಳಿ ಮುಗಿಸಿದ್ರಿ. ಆದ್ರೆ ಇಷ್ಟೇ ಇಷ್ಟನ್ನ ಇಟ್ಕೊಂಡು ಬೆಳಗ್ಗೆಯಿಂದ ಮಧ್ಯಾಹ್ನ ಮೂರು ಗಂಟೆ ತನಕ ನಮ್ಮ ಕೈಯಾಗಿನ ಬೆವರು ಆರದಂಗೆ ಕೂರಿಸ್ತಾರಲ್ಲ, ಅದು ಸುಮ್ನೆ ಆಗೋ ಕೆಲ್ಸ ಅಲ್ಲ.

ನೋಡದೇ ಇರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಜೆರ್ರಿ ಮಿಚೆಲ್ ಅಂತ ಒಬ್ಬ ಹುಡುಗ, ಒಳ್ಳೇನೂ ಕೆಟ್ಟನೂ ಅಲ್ಲ, ಲೆಕ್ಕಕ್ಕೆ ಸಿಗದೇ ಇರೋ ಥರದೋನು, ಸ್ಕೂಲಿನ ಒಳಗೇ ಇರೋ ಪೆನ್ನು ಪುಸ್ತಕದ ಅಂಗಡಿ ನೋಡ್ಕೊಳ್ತಾನೆ. ಅಪ್ಪ ಅಮ್ಮ ಊರಲ್ಲಿಲ್ಲ, ಆವತ್ತು ಎದ್ದಿದ್ದೇ ಲೇಟು, ಕಾರಿನ ಟೈರಲ್ಲಿ ಗಾಳಿ ಇಲ್ಲ, ದಿನ ಹೆಂಗೆ ಹೋಗತ್ತೆ ಅಂತ ಅಲ್ಲೇ ಗೊತ್ತಾಗತ್ತೆ. ಅದೇ ದಿನ ಸ್ಕೂಲಿಗೆ ಬಡ್ಡಿ ರೆವೆಲ್ ಅನ್ನೋ ಹೊಸ ಹುಡುಗ ಬರ್ತಾನೆ, ಅವನ ಬಗ್ಗೆ ಊರೆಲ್ಲ ಗುಲ್ಲು, ಹಿಂದಿನ ಸ್ಕೂಲಲ್ಲಿ ಹಂಗೆ ಮಾಡಿದ್ನಂತೆ ಹಿಂಗೆ ಮಾಡಿದ್ನಂತೆ ಅಂತ. ಒಂದು ಮಾತಂತೂ ಎಲ್ರೂ ಹೇಳ್ತಾರೆ, ಅವನನ್ನ ಯಾರೂ ಮುಟ್ಟಂಗಿಲ್ಲ. ಸ್ಕೂಲಿನ ಪತ್ರಿಕೆಗೆ ಅವನ ಸಂದರ್ಶನ ಮಾಡ್ಕೊಂಡು ಬಾ ಅಂತ ಜೆರ್ರಿನ ಕಳಿಸ್ತಾರೆ. ಪಾಪ ಇವನು ಬಾತ್‌ರೂಮಲ್ಲಿ ಅವನನ್ನ ಹಿಡಿದು ಏನೇನೋ ತೊದಲಿ, ಕೊನೆಗೆ ಇರ್ಲಿ ಬಿಡಪ್ಪಾ ಅನ್ನೋ ಥರ ಕೈ ಮುಟ್ಟಿಬಿಡ್ತಾನೆ. ಮುಗೀತು. ಮೂರು ಗಂಟೆಗೆ ಪಾರ್ಕಿಂಗ್ ಜಾಗದಲ್ಲಿ ನಿಂಗೆ ಐತೆ, ಓಡಿದ್ರೂ ಬಿಡಲ್ಲ, ಮೇಷ್ಟ್ರಿಗೆ ಹೇಳಿದ್ರೂ ಬಿಡಲ್ಲ ಅಂತಾನೆ ಬಡ್ಡಿ.

ಇಲ್ಲಿಂದ ಮುಂದೆ ಗಡಿಯಾರನೇ ಹೀರೋ. ನಮ್ಮೂರ ಅಶೋಕ ಟಾಕೀಸ್ ರೈಲ್ವೆ ಗೇಟ್ ಬಿದ್ದಾಗ ನಿಂತಿರ್ತಿದ್ರಲ್ಲ, ಹಿಂದಕ್ಕೂ ಹೋಗಂಗಿಲ್ಲ ಮುಂದಕ್ಕೂ ಹೋಗಂಗಿಲ್ಲ, ರೈಲಿನ ಸದ್ದು ಕಿವಿಗೆ ಬೀಳ್ತಿರತ್ತೆ ರೈಲು ಮಾತ್ರ ಬರವಲ್ದು, ಆ ಹೊತ್ತಲ್ಲಿ ಪಕ್ಕದ ಸ್ಕೂಟರಿನ ನಂಬರು, ಮಂಡಕ್ಕಿ ಗಾಡಿಯೋನ ಉಗುರು, ಎಲ್ಲಾ ಎಷ್ಟು ದೊಡ್ಡದಾಗಿ ಕಾಣತ್ತೆ ನೋಡ್ರಿ, ಈ ಸಿನಿಮಾದ ಕ್ಯಾಮೆರಾ ನೋಡೋದು ಹಂಗೇ. ಗಡಿಯಾರದ ಮುಳ್ಳು, ಪೆನ್ಸಿಲ್ ತುದಿ, ಬೀಗ, ಬೂಟು, ಎಲ್ಲಾನೂ ಮೂಗಿನ ಮುಂದೆ ತಂದು ಹಿಡಿತಾರೆ. ಇಬ್ರು ಹುಡುಗರ ಜಗಳಾನ ಕೊಲೆ ಕೇಸು ಅನ್ನೋ ಗತ್ತಲ್ಲಿ ತೆಗೆದಿದಾರೆ, ನಗು ಬರೋದು ಅದಕ್ಕೇ. ಡೈಲಾಗಲ್ಲಿ ಜೋಕು ಕಮ್ಮಿ.

ತಪ್ಪಿಸ್ಕೊಳ್ಳೋಕೆ ಜೆರ್ರಿ ಏನು ಮಾಡಿದ್ರೂ ಕುತ್ತಿಗೆಗೆ ಇನ್ನೊಂದು ಸುತ್ತು ಬೀಳತ್ತೆ. ಗೆಳೆಯ ವಿನ್ಸೆಂಟು ಬಡ್ಡಿ ಲಾಕರಲ್ಲಿ ಚಾಕು ಇಟ್ಟು ಅವನನ್ನ ಸಿಗಿಸೋಣ ಅಂತಾನೆ, ಆ ಚಾಕು ಬಂದು ಜೆರ್ರಿ ಕಾರಿನ ಸ್ಟೇರಿಂಗಿಗೇ ಚುಚ್ಕೊಂಡಿರತ್ತೆ. ಸ್ಕೂಲ್ ಬಿಟ್ಟು ಓಡೋಣ ಅಂದ್ರೆ ಸೆಕ್ಯೂರಿಟಿಯೋನು ಹಿಡಿತಾನೆ. ಅಂಗಡಿ ಗಲ್ಲಾದಿಂದ ದುಡ್ಡು ಕದ್ದು ದೊಡ್ಡ ಪೈಲ್ವಾನ್ ಹುಡುಗನ್ನ ಬಾಡಿಗೆಗೆ ಇಟ್ರೆ, ಬಡ್ಡಿ ಅವನನ್ನ ಲೈಬ್ರರಿಲಿ ಮಲಗಿಸಿಬಿಡ್ತಾನೆ, ಪುಸ್ತಕದ ಕಪಾಟೆಲ್ಲಾ ಒಂದರ ಮೇಲೊಂದು ಸಾಲಾಗಿ ಉರುಳ್ತಾವೆ. ಸರಿ, ಬೇಕಂತಲೇ ತಲೆಹರಟೆ ಮಾಡಿ ಶಿಕ್ಷೆ ತಗೊಂಡು ಸ್ಕೂಲ್ ಬಿಟ್ಮೇಲೂ ಒಳಗೇ ಕೂತ್ಕೊಳೋಣ ಅಂತ ಕ್ಲಾಸಲ್ಲಿ ಮೇಡಂಗೆ ಮುತ್ತು ಕೊಟ್ರೆ ಮೇಡಂ ಬೈಯೋ ಬದ್ಲು ಕರಗಿ ನೀರಾಗ್ತಾರೆ! ಮೂವತ್ತು ವರ್ಷ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡಿದೋಳು ನಾನು, ಆ ಸೀನು ನಂಗೆ ಆಗ್ಲೂ ಹಿಡಿಸ್ಲಿಲ್ಲ ಈಗ್ಲೂ ಹಿಡಿಸ್ಲಿಲ್ಲ, ಅದನ್ನ ಬಿಟ್ಟಿದ್ರೂ ಸಿನಿಮಾಕ್ಕೆ ಏನೂ ಕೊರತೆ ಆಗ್ತಿರ್ಲಿಲ್ಲ.

ಆದ್ರೆ ನಾನು ಈ ಸಿನಿಮಾನ ಎತ್ತಿ ಹಿಡಿಯೋದು ಒಂದು ಸೀನಿಗೆ. ಎಲ್ಲಾ ದಾರಿ ಮುಚ್ಚಿದ್ಮೇಲೆ ಜೆರ್ರಿ ಕದ್ದ ದುಡ್ಡನ್ನ ತಗೊಂಡೋಗಿ ಬಡ್ಡಿ ಕೈಗೇ ಕೊಟ್ಟು ನನ್ನ ಬಿಟ್ಬಿಡು ಅಂತಾನೆ. ಬಡ್ಡಿ ತಗೊಂಡು ಬಿಡ್ತಾನೆ ಕಣ್ರಿ! ಅಲ್ಲಿಗೆ ಗಂಡಾಂತರ ತಪ್ತು, ಹುಡುಗ ನೆಮ್ಮದಿಯಾಗಿ ಮನೆಗೆ ಹೋಗ್ಬಹುದು. ಬೇರೆ ಸಿನಿಮಾ ಆಗಿದ್ರೆ ಬಡ್ಡಿ ದುಡ್ಡನ್ನ ಮುಖಕ್ಕೆ ಎಸೆದು ನಂಗೆ ನಿನ್ನ ರಕ್ತ ಬೇಕು ಅಂತಿದ್ದ. ಇಲ್ಲಿ ಅವನು ಜೇಬಿಗಿಳಿಸಿ, ನಿನ್ನಂಥ ಹೇಡಿನ ನಾನು ನೋಡೇ ಇಲ್ಲ ಅಂತ ಹೇಳಿ ನಡೆದುಬಿಡ್ತಾನೆ. ಅಷ್ಟೊತ್ತು ಭಯದಲ್ಲಿ ನಡುಗ್ತಿದ್ದ ಹುಡುಗ ಭಯ ಹೋದ ತಕ್ಷಣ ನಾಚ್ಕೆಯಿಂದ ಕುಗ್ಗೋದು, ಆ ಮುಖ ನೋಡ್ಬೇಕು ನೀವು. ಆಮೇಲೆ ಅವನೇ ಹಿಂದೆ ಹೋಗಿ ದುಡ್ಡು ವಾಪಸ್ ಕೊಡು, ಹೊಡೆದಾಟ ನಡೀಲಿ ಅಂತಾನೆ. ಅಲ್ಲಿ ತನಕ ಹೊಡೆದಾಟ ಬಡ್ಡಿದಾಗಿತ್ತು, ಅಲ್ಲಿಂದ ಜೆರ್ರಿದು.

ಪ್ರಶ್ನೆ: ನಮ್ಮ ದುರ್ಗದಲ್ಲಿ ‘ನಾಗರಹಾವು’ ತೆಗೆದಿದ್ದು 1972ರಲ್ಲೇ. ಕಾಲೇಜು ಹುಡುಗನ ಸಿಟ್ಟು ಅಂದ್ರೇನು ಅಂತ ರಾಮಾಚಾರಿ ತೋರ್ಸಿದ್ಮೇಲೆ ಅಮೆರಿಕದೋರ ಜಗಳ ನಮಗ್ಯಾಕೆ ಮೇಡಂ? (ಚಿತ್ರದುರ್ಗ)

ಉತ್ತರ: ದುರ್ಗದೋರು ಇದನ್ನ ಕೇಳ್ದೇ ಬಿಡ್ತೀರಾ! ಎಂಬತ್ತರ ದಶಕದಲ್ಲಿ ದಾವಣಗೆರೆನೂ ನಿಮ್ಮ ಜಿಲ್ಲೆನೇ, ನಾವು ಬೇರೆ ಆಗಿದ್ದು 1997ರಲ್ಲಿ, ಅಂದ್ಮೇಲೆ ರಾಮಾಚಾರಿಲಿ ನಂಗೂ ಪಾಲು ಐತೆ.

ಹೋಲಿಸೋಕೆ ಹೋದ್ರೆ ಎರಡೂ ಒಂದೇ ಕಡೆ ನಿಲ್ಲಲ್ಲ. ಪುಟ್ಟಣ್ಣನವರ ರಾಮಾಚಾರಿ ತಾನೇ ಬುಸುಗುಡೋನು, ಊರೇ ಅವನಿಗೆ ಹೆದರತ್ತೆ. ಜೆರ್ರಿ ಅಂಥೋನನ್ನ ಕಂಡ್ರೆ ಗೋಡೆ ಪಕ್ಕ ಸರಿಯೋ ಜಾತಿ, ಅಂದ್ರೆ ನಮ್ಮ ನಿಮ್ಮಂಥೋರು. ಇನ್ನೊಂದು, ಅಲ್ಲಿ ಚಾಮಯ್ಯ ಮೇಷ್ಟ್ರು ಇದಾರೆ. ಅವರು ಸರಿ ಮಾಡಿದ್ರೋ ತಪ್ಪು ಮಾಡಿದ್ರೋ ಇವತ್ತಿಗೂ ಜಗಳ ಆಡ್ಬಹುದು, ಆದ್ರೆ ಹುಡುಗ ಹೋಗಿ ನಿಲ್ಲೋಕೆ ಒಬ್ರು ಇದಾರೆ. ಈ ಅಮೆರಿಕದ ಸ್ಕೂಲಲ್ಲಿ ಒಬ್ಬ ಚಾಮಯ್ಯನೂ ಇಲ್ಲ. ಮೇಷ್ಟ್ರು, ಪ್ರಿನ್ಸಿಪಾಲು, ಶಿಸ್ತು ನೋಡ್ಕೊಳೋನು, ಸೆಕ್ಯೂರಿಟಿ, ಕೊನೆಗೆ ಕಳ್ಳತನದ ವಿಚಾರಣೆಗೆ ಬರೋ ಪೊಲೀಸು, ಒಬ್ರಾದ್ರೂ ಯಾಕಪ್ಪಾ ಮುಖ ಹಿಂಗಾಗೈತೆ ಅಂತ ಕೇಳಲ್ಲ, ಎಲ್ರೂ ಅನುಮಾನದಿಂದಲೇ ನೋಡ್ತಾರೆ. ಮೊದಲ ಸಲ ನೋಡ್ದಾಗ ನಂಗೆ ಬಡ್ಡಿನೇ ವಿಲನ್ನು ಅನ್ಸಿತ್ತು. ಈಗ ಸ್ಟಾಫ್ ರೂಮ್ ಕಡೆ ಕಣ್ಣು ಹೋಗತ್ತೆ.

ಪ್ರಶ್ನೆ: ಅಷ್ಟು ಚೆನ್ನಾಗಿದ್ರೆ ಓಡ್ಲಿಲ್ಲ ಯಾಕೆ? (ಹರಿಹರ)

ಉತ್ತರ: ಚೆನ್ನಾಗಿರೋದೆಲ್ಲಾ ಓಡಿದ್ರೆ ಈ ಅಂಕಣ ನೂರು ದಿನ ಓಡ್ತಿತ್ತು ಬಿಡಿ.

1987ರ ಅಕ್ಟೋಬರಲ್ಲಿ ಬಿಡುಗಡೆ ಆಯ್ತು, ಅಮೆರಿಕದಲ್ಲಿ ಗಳಿಸಿದ್ದು ಸುಮಾರು 37 ಲಕ್ಷ ಡಾಲರ್, ಖರ್ಚಾಗಿದ್ದು ಅದಕ್ಕಿಂತ ಜಾಸ್ತಿ. ಆಗಿನ ದೊಡ್ಡ ವಿಮರ್ಶಕ ರೋಜರ್ ಎಬರ್ಟ್ ಒಂದೇ ಒಂದು ಸ್ಟಾರ್ ಕೊಟ್ಟು ಕೈ ತೊಳ್ಕೊಂಡ. ನಿರ್ದೇಶಕ ಫಿಲ್ ಜೊವಾನು ಆಗಿನ್ನೂ ಇಪ್ಪತ್ತೈದರ ಹುಡುಗ, ಇದು ಅವನ ಮೊದಲ್ನೇ ಸಿನಿಮಾ. ಓದೋವಾಗ ಮಾಡಿದ ಕಿರುಚಿತ್ರ ನೋಡಿ ಹಾಲಿವುಡ್ಡಿನ ದೊಡ್ಡ ನಿರ್ದೇಶಕ ಸ್ಪೀಲ್‌ಬರ್ಗ್ ಅವನನ್ನ ಕರ್ಕೊಂಡು ಟೀವಿ ಸೀರಿಯಲ್ಲಲ್ಲಿ ಕೆಲಸ ಕೊಟ್ಟಿದ್ರು, ಈ ಸಿನಿಮಾ ಹಿಂದೆನೂ ಅವರಿದ್ರು, ಆದ್ರೆ ಪರದೆ ಮೇಲೆ ಅವರ ಹೆಸರಿಲ್ಲ. ಆ ಹೆಸರು ಪೋಸ್ಟರ್ ಮೇಲೆ ಇದ್ದಿದ್ರೆ ಟಿಕೆಟ್ ಲೆಕ್ಕನೇ ಬೇರೆ ಇರ್ತಿತ್ತೇನೋ.

ನಂಗನ್ಸೋದು ಏನಂದ್ರೆ, ಆ ಕಾಲಕ್ಕೆ ಅಮೆರಿಕದ ಹೈಸ್ಕೂಲ್ ಸಿನಿಮಾ ಅಂದ್ರೆ ಒಂದು ಅಚ್ಚು ಬಿದ್ದುಬಿಟ್ಟಿತ್ತು. ಹುಡುಗ ಹುಡುಗಿ, ಪ್ರಾಮ್ ಅನ್ನೋ ಸ್ಕೂಲಿನ ಪಾರ್ಟಿ ಡ್ಯಾನ್ಸು, ಒಂದಿಷ್ಟು ಕಣ್ಣೀರು, ರೇಡಿಯೋದಲ್ಲಿ ಬರೋ ಹಾಡುಗಳು. ಇದ್ರಾಗೆ ಪ್ರೀತಿ ಪ್ರೇಮ ಹೆಸರಿಗಷ್ಟೇ, ಡ್ಯಾನ್ಸಿಲ್ಲ, ಸಂಗೀತ ಬೇರೆ ಟ್ಯಾಂಜರೀನ್ ಡ್ರೀಮ್ ಅನ್ನೋ ಜರ್ಮನಿ ಗುಂಪಿಂದು, ಸಿಂಥಸೈಜರಿನ ಗುಂಯ್‌ಗುಡೋ ಸದ್ದು, ಕಳ್ಳತನ ಕೊಲೆ ಸಿನಿಮಾಗಳಿಗೆ ಹಾಕ್ತಾರಲ್ಲ ಆ ಥರದ್ದು. ನಗೋಕೆ ಅಂತ ಬಂದ ಹುಡುಗ್ರಿಗೆ ಹೆದರಿಕೆ ಬಡಿಸಿದ್ರು, ಹೆದರೋಕೆ ಇಷ್ಟ ಇರೋರು ಇದು ಹುಡುಗ್ರ ಸಿನಿಮಾ ಅಂತ ಬರ್ಲೇ ಇಲ್ಲ.

ಪ್ರಶ್ನೆ: ಮೇಡಂ, ನಿಮ್ಮ ಮಾತು ಕೇಳಿ ಅಮೆರಿಕದಲ್ಲಿರೋ ನನ್ನ ಅಕ್ಕನ ಮಗನ ಕೈಲಿ ಬ್ಲೂ-ರೇ ತರಿಸಿದೆ. ನಮ್ಮ ಪ್ಲೇಯರಿಗೆ ಹಾಕಿದ್ರೆ ಈ ಡಿಸ್ಕ್ ಓಡಲ್ಲ ಅಂತ ಬರತ್ತೆ. ಡಿಸ್ಕ್ ಹಾಳಾಗಿದೆಯಾ? (ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಡಿಸ್ಕ್ ಚೆನ್ನಾಗೇ ಇರತ್ತೆ, ಅಕ್ಕನ ಮಗನ್ನ ಬೈಬ್ಯಾಡ್ರಿ. ಬ್ಲೂ-ರೇ ಮಾಡೋರು ಪ್ರಪಂಚಾನ ಎ, ಬಿ, ಸಿ ಅಂತ ಮೂರು ಭಾಗ, ಅಂದ್ರೆ ರೀಜನ್, ಮಾಡಿ ಹಂಚ್ಕೊಂಡಿದಾರೆ. ಅಮೆರಿಕ ಎ, ಭಾರತ ಸಿ. ಇಲ್ಲಿಗೆ ಅಂತ ಮಾಡಿದ ಪ್ಲೇಯರು ಎ ಅಂತ ಬೀಗ ಹಾಕಿರೋ ಡಿಸ್ಕನ್ನ ಓದಲ್ಲ. ಡಬ್ಬಿ ಹಿಂದ್ಗಡೆ ಸಣ್ಣದೊಂದು ಭೂಗೋಳದ ಚಿತ್ರದಲ್ಲಿ ಅಕ್ಷರ ಇರತ್ತೆ, ಕನ್ನಡಕ ಹಾಕ್ಕೊಂಡು ನೋಡ್ರಿ. ಎ ಬಿ ಸಿ ಮೂರೂ ಇದ್ರೆ ಎಲ್ಲಿ ಬೇಕಾದ್ರೂ ಓಡತ್ತೆ. ಡಿವಿಡಿಗೆ ಈ ಲೆಕ್ಕ ಬೇರೆ, ಅದ್ರಾಗೆ ಅಮೆರಿಕ 1, ನಾವು 5.

ದಾರಿ ಅಂದ್ರೆ, ಎಲ್ಲಾ ರೀಜನ್ ಓದೋ ಪ್ಲೇಯರ್ ಸಿಗತ್ತೆ, ರೇಟು ಜಾಸ್ತಿ. ಇಲ್ಲ ಅಂದ್ರೆ ಅಕ್ಕನ ಮಗ ಊರಿಗೆ ಬರೋವಾಗ ಅಲ್ಲಿದೇ ಒಂದು ಹಳೇ ಪ್ಲೇಯರ್ ತಗೊಂಡ್ಬರ್ಲಿ, ಆದ್ರೆ ಕರೆಂಟು ನೋಡ್ಕೊಳ್ರಿ, ಅಲ್ಲಿ 120 ವೋಲ್ಟು ಇಲ್ಲಿ 230, ಹಿಂದಿನ ಪಟ್ಟಿಲಿ 100-240 ಅಂತ ಬರ್ದಿರ್ಲಿಲ್ಲ ಅಂದ್ರೆ ನೇರ ಪ್ಲಗ್ಗಿಗೆ ಹಾಕ್ಬ್ಯಾಡ್ರಿ, ಹೊಗೆ ಬರತ್ತೆ. ಕಂಪ್ಯೂಟರಿನ ಡಿವಿಡಿ ಡ್ರೈವಲ್ಲಿ ರೀಜನ್ ಬದಲಾಯಿಸ್ಬಹುದು ಅಂತ ಹುಡುಗ್ರು ಹೇಳ್ತಾರೆ, ನಿಜ, ಆದ್ರೆ ಅದು ಡಿವಿಡಿಗೆ ಮಾತ್ರ, ನಿಮ್ಮ ಬ್ಲೂ-ರೇಗೆ ಆಗಲ್ಲ, ಅದೂ ಐದು ಸಲ ಅಷ್ಟೇ, ಆಮೇಲೆ ಯಾವ್ದು ಇತ್ತೋ ಅಲ್ಲೇ ಕೂತ್ಬಿಡತ್ತೆ.

ಅಂದಂಗೆ ನಿಮ್ಮದು 2017ರಲ್ಲಿ ಶೌಟ್ ಫ್ಯಾಕ್ಟರಿ ಅನ್ನೋ ಕಂಪನಿ ಬಿಟ್ಟ ಡಿಸ್ಕ್ ಆಗಿದ್ರೆ ಅದ್ರಲ್ಲಿ ನಿರ್ದೇಶಕನೇ ಕೂತು ಇಡೀ ಸಿನಿಮಾದ ಮೇಲೆ ಮಾತಾಡಿರೋ ಇನ್ನೊಂದು ಆಡಿಯೋ ಐತೆ. ಒಂದು ಸಲ ಸಿನಿಮಾ ನೋಡಿದ್ಮೇಲೆ ಅದನ್ನ ಹಾಕ್ಕೊಂಡು ನೋಡ್ರಿ, ಮೊದಲ ಸಲವೇ ಹಾಕಿದ್ರೆ ತಲೆ ಕೆಡತ್ತೆ.

ಪ್ರಶ್ನೆ: ನಾವು ಹುಡುಗರಿದ್ದಾಗ ಕ್ಯಾಸೆಟ್ ಹಾಕೋ ವಿಸಿಪಿ, ಕಲರ್ ಟೀವಿ ಬಾಡಿಗೆಗೆ ತಂದು ರಾತ್ರಿಯೆಲ್ಲಾ ಇಂಗ್ಲಿಷ್ ಸಿನಿಮಾ ನೋಡ್ತಿದ್ವಿ, ಅದ್ರ ಮಜಾ ಈ ಡಿಸ್ಕಲ್ಲಿ ಎಲ್ಲಿಂದ ಬರ್ಬೇಕು ಹೇಳಿ! (ಹೊಳಲ್ಕೆರೆ)

ಉತ್ತರ: ರಾತ್ರಿಗೆ ನಾಲ್ಕು ಸಿನಿಮಾ, ಮೂರನೇದರ ಹೊತ್ತಿಗೆ ಅರ್ಧ ಮಂದಿ ಚಾಪೆ ಮೇಲೆ ಗೊರಕೆ, ಬೆಳಗ್ಗೆ ಅಂಗಡಿಯೋನು ಬಂದು ಗಾಡಿ ಮೇಲೆ ಟೀವಿ ಕಟ್ಕೊಂಡು ಹೋಗೋ ತನಕ ಬಾಡಿಗೆ ದುಡ್ಡು ವಸೂಲಿ ಮಾಡ್ಬೇಕು ಅನ್ನೋ ಹಟ. ಆ ಮಜಾ ಡಿಸ್ಕಲ್ಲಿ ಇಲ್ಲ, ಒಪ್ಕೊಂಡೆ.

ಸಿನಿಮಾ ಮಾತ್ರ ಡಿಸ್ಕಲ್ಲೇ ಇರೋದು. ಆಗ ನಮ್ಮ ಕೈಗೆ ಬರ್ತಿದ್ದ ಕ್ಯಾಸೆಟ್ಟು ಕಾಪಿಯ ಕಾಪಿಯ ಕಾಪಿ, ಅದೂ ಅಮೆರಿಕದ ಟೇಪಿಂದ ಆಗಿದ್ರೆ ಅಲ್ಲಿನ ಟೀವಿ ಪದ್ಧತಿ ಎನ್‌ಟಿಎಸ್‌ಸಿ, ನಮ್ಮ ಟೀವಿದು ಪಾಲ್ ಅನ್ನೋ ಬೇರೆ ಪದ್ಧತಿ, ಬಣ್ಣ ಸರಿಯಾಗಿ ಕೂರ್ತಿರ್ಲಿಲ್ಲ, ಕೆಳಗೊಂದು ಗೆರೆ ಯಾವಾಗ್ಲೂ ಕುಣಿತಿತ್ತು, ಟ್ರ್ಯಾಕಿಂಗ್ ಗುಂಡಿ ತಿರುಗಿಸೋಕೆ ಒಬ್ಬ ಹುಡುಗನ್ನ ಕೂರಿಸ್ತಿದ್ವಿ. ಒಳ್ಳೇ ವಿಎಚ್‌ಎಸ್ ಟೇಪಲ್ಲೇ ಅಡ್ಡಡ್ಡ ಸಿಗ್ತಿದ್ದಿದ್ದು 240 ಗೆರೆಯಷ್ಟು ವಿವರ. ಮೇಲಾಗಿ ಅಗಲದ ಸಿನಿಮಾನ ಚೌಕ ಟೀವಿಗೆ ಹೊಂದಿಸೋಕೆ ಚಿತ್ರದ ಚೌಕಟ್ಟನ್ನೇ ಬದಲಾಯಿಸ್ತಿದ್ರು.

ಈ ಸಿನಿಮಾಕ್ಕೆ ಅದ್ರಿಂದ ಜಾಸ್ತಿನೇ ಪೆಟ್ಟು ಬಿದ್ದಿರತ್ತೆ, ಯಾಕಂದ್ರೆ ಇದ್ರ ಕ್ಯಾಮೆರಾ ಹಿಡಿದೋನು ಬ್ಯಾರಿ ಸೊನೆನ್‌ಫೆಲ್ಡ್, ಆಮೇಲೆ 1997ರಲ್ಲಿ ‘ಮೆನ್ ಇನ್ ಬ್ಲ್ಯಾಕ್’ ನಿರ್ದೇಶನ ಮಾಡಿದ್ನಲ್ಲ ಅದೇ ಪುಣ್ಯಾತ್ಮ. ಅಗಲ ಲೆನ್ಸು ಹಾಕ್ಕೊಂಡು ಮುಖದ ಮೇಲೆ ನುಗ್ಗೋದು ಅವನ ಚಾಳಿ. ಮುಂದೆ ಹುಡುಗನ ಮುಖ ಇಷ್ಟು ದೊಡ್ಡದಾಗಿ ಇರತ್ತೆ, ಹಿಂದ್ಗಡೆ ಉದ್ದಕ್ಕೆ ಕಾರಿಡಾರು, ಆ ಕಾರಿಡಾರಿನ ಕೊನೇಲಿ ನಡೀತಿರೋದೂ ಕಥೆನೇ, ಟೇಪಲ್ಲಿ ಅದೆಲ್ಲಾ ಕಲಸಿದ ರಾಗಿಹಿಟ್ಟು. ಬಡ್ಡಿ ಬಗ್ಗೆ ಗುಲ್ಲು ಹಬ್ಬೋ ಶುರುವಿನ ಭಾಗ ನೋಡ್ರಿ. ಒಂದು ಗುಂಪಿನ ಮಾತು ಮುಗಿಯೋ ಮುಂಚೆ ಇನ್ನೊಂದು ಗುಂಪಿಗೆ ಹಾರಿರ್ತೀವಿ, ಬಡ್ಡಿನ ನೋಡೋಕೆ ಮುಂಚೆನೇ ಅವನು ಯಾರು ಅಂತ ತೀರ್ಮಾನ ಆಗಿಹೋಗಿರತ್ತೆ. ಶೂಟಿಂಗ್ ಆಗಿದ್ದು ಯೂಟಾ ರಾಜ್ಯದ ಆಗ್ಡನ್ ಹೈಸ್ಕೂಲಲ್ಲಿ, 1937ರಲ್ಲಿ ಹತ್ತು ಲಕ್ಷ ಡಾಲರ್ ಸುರಿದು ಕಟ್ಟಿದ ಕಟ್ಟಡ, ಸ್ಕೂಲಂದ್ರೆ ಅರಮನೆ ಇದ್ದಂಗೈತೆ, ಅಂಥಾದ್ರಲ್ಲೂ ಅಡಗೋಕೆ ಒಂದು ಮೂಲೆ ಇಲ್ಲ ಅನ್ನಿಸೋ ಹಂಗೆ ತೆಗೆದಿದಾರೆ. ಚಿತ್ರನ ಅಲ್ಲೇ ನಿಲ್ಲಿಸಿ ನೋಡೋ ಗುಂಡಿ ಇರೋದೇ ಇಂಥಾ ಸಿನಿಮಾಗೆ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ನೋಡ್ಬಹುದಾ ಮಿಸ್? (ಊರು ಬರೆದಿಲ್ಲ)

ಉತ್ತರ: ಊರು ಬರೀದೇ ಕಳ್ಸಿರೋದ್ರಲ್ಲೇ ಗೊತ್ತಾಗತ್ತೆ ತಮ್ಮಾ, ಮನೇಲಿ ಕೇಳಿಲ್ಲ ಅಂತ. ಬೈಗುಳ ಐತೆ, ರಕ್ತನೂ ಸ್ವಲ್ಪ ಐತೆ, ಆ ಮುತ್ತಿನ ಸೀನಂತೂ ಐತೆ. ಅಪ್ಪನ್ನೋ ಅಮ್ಮನ್ನೋ ಪಕ್ಕದಲ್ಲಿ ಕೂರಿಸ್ಕೊಂಡು ನೋಡು. ಪರೀಕ್ಷೆ ಮುಗಿದ್ಮೇಲೆ.

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ನಿಮ್ಮ ಸಿನಿಮಾದ ಥರನೇ ದಿನಾ ಒಬ್ಬ ಹುಡುಗ ‘ಹೊರಗೆ ಸಿಗು’ ಅಂತ ಹೆದರಿಸ್ತಾನಂತೆ, ಊಟದ ಡಬ್ಬಿ ಕಿತ್ಕೊಳ್ತಾನಂತೆ. ನಾವೇ ಹೋದ್ರೆ ಇನ್ನೂ ಜಾಸ್ತಿ ಆಗತ್ತೆ, ಬರ್ಬೇಡಿ ಅಂತಾನೆ. ಏನ್ ಮಾಡ್ಲಿ? (ಚಳ್ಳಕೆರೆ)

ಉತ್ತರ: ಇದಕ್ಕೆ ತಮಾಷೆ ಉತ್ತರ ಇಲ್ಲ ಸ್ವಾಮಿ. ಬರ್ಬೇಡಿ ಅಂತ ಮಗ ಹೇಳೋದು ಭಯಕ್ಕೆ, ಆದ್ರೂ ನೀವು ಹೋಗ್ಬೇಕು. ಹೋಗೋ ರೀತಿ ಮಾತ್ರ ನೋಡ್ಕೊಳ್ರಿ. ಗೇಟ್ ಹತ್ರ ನಿಂತು ಆ ಹುಡುಗನ್ನ ಹಿಡಿದು ಗದರಿಸೋದು, ಅವರಪ್ಪನ ಜೊತೆ ರಸ್ತೇಲಿ ಜಗಳ ತೆಗೆಯೋದು ಬ್ಯಾಡ. ಮಗ ಕ್ಲಾಸಲ್ಲಿ ಇರೋ ಹೊತ್ತಲ್ಲಿ, ಅವನು ನೋಡದಂಗೆ, ಕ್ಲಾಸ್ ಟೀಚರನ್ನ ಕಾಣ್ರಿ. ಯಾವತ್ತು, ಎಲ್ಲಿ, ಏನಾಯ್ತು ಅಂತ ಒಂದು ಹಾಳೇಲಿ ಬರ್ಕೊಂಡು ಹೋಗ್ರಿ, ‘ದಿನಾ ಕಾಟ ಕೊಡ್ತಾನೆ’ ಅಂದ್ರೆ ನಾವು ಮೇಷ್ಟ್ರುಗಳು ಹೂಂ ಅಂತೀವಿ ಮರೀತೀವಿ, ‘ಸೋಮವಾರ ಊಟದ ಬಿಡುವಲ್ಲಿ ನಲ್ಲಿ ಹತ್ರ’ ಅಂದ್ರೆ ಆ ನಲ್ಲಿ ಹತ್ರ ಹೋಗಿ ನಿಲ್ತೀವಿ. ಅಲ್ಲಿ ಆಗ್ಲಿಲ್ಲ ಅಂದ್ರೆ ಹೆಡ್‌ಮಾಸ್ಟರಿಗೆ ಬರವಣಿಗೇಲಿ ಕೊಟ್ಟು ಒಂದು ಪ್ರತಿಗೆ ಸಹಿ ಹಾಕಿಸ್ಕೊಳ್ರಿ. ಹೊಡೆತ ಬಡಿತದ ಮಟ್ಟಕ್ಕೆ ಹೋಗಿದ್ರೆ ಮಕ್ಕಳ ಸಹಾಯವಾಣಿ 1098, ಅದಕ್ಕೆ ಮಗನೂ ಫೋನ್ ಮಾಡ್ಬಹುದು ನೀವೂ ಮಾಡ್ಬಹುದು, ದುಡ್ಡು ಹೋಗಲ್ಲ.

ಆ ಡಬ್ಬಿ ಕಿತ್ಕೊಳೋ ಹುಡುಗ ಮನೆಯಿಂದ ಊಟ ತರ್ತಾನಾ ಅಂತನೂ ಟೀಚರನ್ನ ಒಂದ್ಮಾತು ಕೇಳಿ ನೋಡ್ರಿ. ನನ್ನ ಕ್ಲಾಸುಗಳಲ್ಲಿ ಎಷ್ಟೋ ಜಗಳದ ಬುಡ ಅಲ್ಲೇ ಇರ್ತಿತ್ತು.

ಪ್ರಶ್ನೆ: ಇದ್ರಲ್ಲಿ ಗುರುತಿರೋ ನಟರು ಯಾರಾದ್ರೂ ಇದಾರಾ? ಹೆಸರು ಕೇಳಿದ್ರೆ ಒಬ್ರೂ ಗೊತ್ತಾಗ್ತಿಲ್ಲ. (ಹಿರಿಯೂರು)

ಉತ್ತರ: ಹೆಸರು ಗೊತ್ತಿಲ್ಲ, ಮುಖ ನೋಡಿರ್ತೀರಿ. ಜೆರ್ರಿ ಆಗಿರೋ ಕೇಸಿ ಸಿಮಾಷ್ಕೊ 1985ರ ‘ಬ್ಯಾಕ್ ಟು ದ ಫ್ಯೂಚರ್’ ಸಿನಿಮಾದಲ್ಲಿ ಪುಂಡ ಬಿಫ್‌ನ ಹಿಂದೆ ಹಿಂದೆ ಸುತ್ತೋ ಚೇಲಾ, ಕಣ್ಣಿಗೆ ಬಣ್ಣಬಣ್ಣದ ತ್ರೀಡಿ ಕನ್ನಡಕ ಹಾಕ್ಕೊಂಡಿರ್ತಾನಲ್ಲ ಅವನು. ಅಲ್ಲಿ ಹೆದರಿಸೋರ ಗುಂಪು, ಎರಡೇ ವರ್ಷಕ್ಕೆ ಇಲ್ಲಿ ಹೆದರೋನು. ಬಡ್ಡಿ ಆಗಿರೋ ರಿಚರ್ಡ್ ಟೈಸನ್ 1990ರಲ್ಲಿ ಅರ್ನಾಲ್ಡ್ ಜೊತೆ ‘ಕಿಂಡರ್‌ಗಾರ್ಟನ್ ಕಾಪ್’ನಲ್ಲಿ ವಿಲನ್. ಸೆಕ್ಯೂರಿಟಿಯೋನು ಮಿಚ್ ಪಿಲೆಗ್ಗಿ, ಆಮೇಲೆ ‘ಎಕ್ಸ್ ಫೈಲ್ಸ್’ ಸೀರಿಯಲ್ಲಿನ ದೊಡ್ಡ ಸಾಹೇಬ. ಪೊಲೀಸ್ ಆಗಿ ಫಿಲಿಪ್ ಬೇಕರ್ ಹಾಲ್ ಬರ್ತಾರೆ, ಇರೋದು ಸ್ವಲ್ಪ ಹೊತ್ತು, ಆದ್ರೆ ಕಣ್ಣಲ್ಲೇ ಹುಡುಗನ ಜೀವ ಹಿಂಡ್ತಾರೆ. ಇನ್ನೊಬ್ಬ ಹುಡುಗಿ ದನಿ ಮಾತ್ರ ನಿಮ್ಮ ಮಕ್ಕಳು ಗುರುತು ಹಿಡಿತಾರೆ, ಯಾರ್ಡ್‌ಲಿ ಸ್ಮಿತ್, ‘ಸಿಂಪ್ಸನ್ಸ್’ ಕಾರ್ಟೂನಿನ ಲೀಸಾ.

ಪ್ರಶ್ನೆ: ಕೊನೇಲಿ ಹೀರೋ ಕೈಗೆ ಮುಷ್ಟಿಗೆ ಹಾಕೋ ಹಿತ್ತಾಳೆ ಬಳೆ ಕೊಟ್ಟು ಗೆಲ್ಲಿಸೋದು ಮೋಸ ಅಲ್ವಾ? ನಾನು ಎಂಬತ್ತೊಂಬತ್ತರಲ್ಲೇ ನೋಡಿದೀನಿ, ಆಗ್ಲಿಂದ ಈ ಪ್ರಶ್ನೆ ಕಾಡ್ತಾ ಇದೆ. (ಮಂಡಿಪೇಟೆ, ದಾವಣಗೆರೆ)

ಉತ್ತರ: ಅಷ್ಟು ವರ್ಷದಿಂದ ಇದೇ ಕಾಡ್ತಿದೆ ಅಂದ್ರೆ ನಿಮ್ಮಷ್ಟು ಸುಖಿ ದಾವಣಗೆರೇಲಿ ಇನ್ನೊಬ್ರಿಲ್ಲ.

ಮೋಸನೇ. ಆದ್ರೆ ಆ ಬಳೆ ತಂದೋನು ಬಡ್ಡಿ, ತನಗೇ ಅಂತ ತಂದಿದ್ದು. ಅಡ್ಡ ಬಂದ ಪ್ರಿನ್ಸಿಪಾಲಿಗೂ ಏಟು ಬಿದ್ದಿರತ್ತೆ, ಜೆರ್ರಿ ತಂಗಿ, ಗೆಳತಿ ಎಲ್ರೂ ಮೈಮೇಲೆ ಬಿದ್ದು ನೋಡಿರ್ತಾರೆ, ಅಷ್ಟಾದ್ಮೇಲೆ ಅವನ ಕೈಯಿಂದ ಜಾರಿದ್ದು ಇವನ ಕೈಗೆ ಬರತ್ತೆ. ಅಂಥಾ ದೇಹದೋನನ್ನ ಜೆರ್ರಿ ಬರಿಗೈಲಿ ಉರುಳಿಸಿದ್ದಿದ್ರೆ ನಾನು ಆ ಕ್ಷಣಕ್ಕೇ ಟೀವಿ ಆರಿಸ್ತಿದ್ದೆ. ನನ್ನ ತಕರಾರು ಬೇರೆ. ಹೊಡೆದಾಟ ನೋಡೋಕೆ ನೆರೆದ ಅಷ್ಟೂ ಮಕ್ಕಳಲ್ಲಿ ಒಬ್ರಿಗೂ ಏನೂ ಅನ್ಸಲ್ಲ, ಬರೀ ಕೂಗಾಟ, ಅಲ್ಲಿ ಸಿನಿಮಾನೂ ಅವರ ಜೊತೆ ಸೇರ್ಕೊಂಡು ಕೂಗಿಬಿಡತ್ತೆ, ಬೆಳಗ್ಗೆಯಿಂದ ಕಟ್ಕೊಂಡು ಬಂದಿದ್ದ ಆ ಭಯ ಒಂದು ಗುದ್ದಿಗೆ ಎಲ್ಲಿ ಹೋಯ್ತೋ.

ಆದ್ರೆ ಮಾರನೇ ದಿನದ ಭಾಗ ನಂಗೆ ಬಾಳ ಇಷ್ಟ. ಗಲ್ಲಾದಲ್ಲಿ ದುಡ್ಡು ಕಮ್ಮಿ ಐತೆ, ಜೆರ್ರಿ ಸಿಕ್ಕಿಬೀಳ್ತಾನೆ ಅಂತ ಸ್ಕೂಲಿನ ಮಕ್ಕಳೆಲ್ಲಾ ಅಂಗಡಿ ಮುಂದೆ ಸಾಲು ನಿಂತು ಒಂದೊಂದು ಖಾಲಿ ಹಾಳೆನ ಒಂದೊಂದು ಡಾಲರಿಗೆ ಕೊಂಡ್ಕೊಳ್ತಾರೆ. ಯಾರೂ ಭಾಷಣ ಮಾಡಲ್ಲ, ಹಾಳೆ ತಗೊಂಡು ಹೋಗ್ತಾರೆ ಅಷ್ಟೇ. ಬಡ್ಡಿನೂ ಬಂದು ದುಡ್ಡು ವಾಪಸ್ ಕೊಟ್ಟು ಹೋಗ್ತಾನೆ.

ಪ್ರಶ್ನೆ: ಇದನ್ನ ಕನ್ನಡದಲ್ಲಿ ಮಾಡಿದ್ರೆ ದಾವಣಗೆರೇಲಿ ಎಲ್ಲಿ ತೆಗೀಬಹುದು? (ನಿಟ್ಟುವಳ್ಳಿ)

ಉತ್ತರ: ಹೊಡೆದಾಟಕ್ಕೆ ಹೈಸ್ಕೂಲ್ ಫೀಲ್ಡ್ ಐತಲ್ಲ, ಇನ್ನೇನು ಬೇಕು. ಆದ್ರೆ ನಮ್ಮಲ್ಲಿ ಸ್ಕೂಲ್ ಬಿಡೋದು ನಾಲ್ಕೂವರೆಗೆ, ಹೀರೋ ಇನ್ನೂ ಒಂದೂವರೆ ಗಂಟೆ ಜಾಸ್ತಿ ನಡುಗ್ಬೇಕು. ಮತ್ತೆ ನಮ್ಮೂರ ಹುಡುಗ್ರು ಅಷ್ಟೊತ್ತು ಕಾಯಲ್ಲ ಬಿಡಿ, ಊಟದ ಬಿಡುವಲ್ಲೇ ಮುಗಿಸಿ ಸಂಜೆಗೆ ಇಬ್ರೂ ಒಂದೇ ಪ್ಲೇಟಲ್ಲಿ ಮಿರ್ಚಿ ಮಂಡಕ್ಕಿ ತಿಂತಿರ್ತಾರೆ.

ಪ್ರಶ್ನೆ: ಸಿನಿಮಾ ಬಿಡಿ ಅಕ್ಕಾ. ನಮ್ಮನೆ ಅಟ್ಟದ ಮೇಲೆ ತೊಂಬತ್ತರ ಮದುವೆ ಕ್ಯಾಸೆಟ್ ಐತೆ, ಒಳಗೆ ಬೆಳ್ಳಗೆ ಪುಡಿ ಥರ ಕಾಣತ್ತೆ. ಅದನ್ನ ಪೆನ್‌ಡ್ರೈವಿಗೆ ಹಾಕಿಸ್ಬಹುದಾ? (ಜಗಳೂರು)

ಉತ್ತರ: ಆ ಬಿಳಿ ಪುಡಿ ಬೂಷ್ಟು. ಹಂಗೇ ವಿಸಿಆರಿಗೆ ಹಾಕ್ಬ್ಯಾಡ್ರಿ, ಟೇಪು ಓದೋ ಹೆಡ್ಡಿಗೆ ಮೆತ್ಕೊಂಡು ಆ ಮಷೀನಲ್ಲಿ ಮುಂದೆ ಹಾಕೋ ಎಲ್ಲಾ ಕ್ಯಾಸೆಟ್ಟಿಗೂ ಹತ್ತತ್ತೆ, ನಿಮ್ಮ ಟೇಪೂ ಕಿತ್ತು ಬರ್ಬಹುದು. ಮನೇಲಿ ಬಟ್ಟೆ ತಗೊಂಡು ಟೇಪನ್ನ ಉಜ್ಜೋಕೂ ಹೋಗ್ಬ್ಯಾಡ್ರಿ. ಹಳೇ ಮದುವೆ ವಿಡಿಯೋ ತೆಗೀತಿದ್ದ ಸ್ಟುಡಿಯೋದೋರು ಇನ್ನೂ ಕೆಲವರು ಈ ಕೆಲಸ ಮಾಡ್ತಾರೆ, ಬೂಷ್ಟು ತೆಗೆದು ಆಮೇಲೆ ಮಾಡ್ತೀರಾ ಅಂತ ಮೊದ್ಲೇ ಕೇಳ್ರಿ, ಹೂಂ ಅಂದ್ರೆ ಮಾತ್ರ ಕೊಡ್ರಿ. ಬೂಷ್ಟು ಹೋದ್ಮೇಲೆ ಪೂರ್ತಿ ಒಂದು ಸಲ ಮುಂದಕ್ಕೆ ಓಡಿಸಿ ಹಿಂದಕ್ಕೆ ಸುತ್ತಿ, ಆಮೇಲೆ ಕಾಪಿ ಮಾಡಿದ್ರೆ ಚಿತ್ರ ಕುಣಿಯೋದು ಕಮ್ಮಿ. ಇದು ಪೆನ್‌ಡ್ರೈವಿಂದ ಪೆನ್‌ಡ್ರೈವಿಗೆ ಹಾಕಿದಂಗಲ್ಲ, ಟೇಪು ಓಡ್ತಾ ಓಡ್ತಾನೇ ಕಾಪಿ ಆಗ್ಬೇಕು, ಇ-180 ಕ್ಯಾಸೆಟ್ಟು ತುಂಬಾ ರೆಕಾರ್ಡ್ ಆಗಿದ್ರೆ ಮೂರು ಗಂಟೆ ಹಿಡಿಯತ್ತೆ. ಹತ್ತು ನಿಮಿಷದಲ್ಲಿ ಕೊಡ್ತೀನಿ ಅನ್ನೋ ಅಂಗಡಿಗೆ ಕೊಡ್ಬ್ಯಾಡ್ರಿ.